ಸೌದೆಯ ಹೊರೆ ಮತ್ತು ಅದರ ಲಾಭ

ಸೌದೆ ಮಾರುವುದು ಲಾಭದಾಯಕವೇ? ಮೇಲ್ನೋಟಕ್ಕೆ ಇದು ಬಹಳ ಸುಲಭವಾದ ಪ್ರಶ್ನೆ. ಅರ್ಥಶಾಸ್ತ್ರದ ಪುಸ್ತಕವನ್ನು ಮುಂದಿಟ್ಟುಕೊಂಡು ಉತ್ತರಿಸುವವನು ಹೌದೆಂದೇ ಹೇಳಬೇಕು. ಕಚ್ಚಾ ಸಾಮಗ್ರಿಗೆ ಬೆಲೆಯಿಲ್ಲ, ಅದು ಕಾಡಿನಲ್ಲಿ ಬಿದ್ದಿರುತ್ತದೆ. ಒಂದು ಕುಡುಗೋಲು, ಒಂದು ಹಗ್ಗ, ತಲೆಯ ಮೇಲಿಡಲು ಒಂದು ಸಿಂಬಿ, ಇಷ್ಟೇ ಬಂಡವಾಳ. ಗಿರಾಕಿಗಳಿಗಂತೂ ಕೊರತೆಯಿರಲಿಲ್ಲ. ಐವತ್ತು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿ ಒಲೆ ಹೊತ್ತಿಸದ ಮನೆ ಎಲ್ಲಿತ್ತು? ಆದರೂ ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಗಳಲ್ಲಿ ಸೌದೆ ಮಾರುವವನು ಯಾವಾಗಲೂ ಬಡವನೇ ಆಗಿರುತ್ತಾನೆ. ಶ್ರೀಮಂತನಾದ ಕಟ್ಟಿಗೆ ಹೊರೆಯವನ ಕಥೆಯನ್ನು ನಾನಂತೂ ಕೇಳಿಲ್ಲ. ಅದೇ ಸಮಯದಲ್ಲಿ ಪ್ರತಿಯೊಂದು ಪೇಟೆಯಲ್ಲಿಯೂ ಸೌದೆ ಡಿಪೋ ಇಟ್ಟು ಮಹಡಿ ಮನೆ ಕಟ್ಟಿಸಿದವರು ಒಬ್ಬಿಬ್ಬರಾದರೂ ಇರುತ್ತಿದ್ದರು. ಒಂದೇ ಸರಕು, ಒಂದೇ ಒಲೆ. ಒಬ್ಬನಿಗೆ ಮಹಡಿ, ಇನ್ನೊಬ್ಬನಿಗೆ ಬರಿಯ ಸಿಂಬಿ. ಹೀಗೇಕೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದೇ ಈ ಬರಹದ ಉದ್ದೇಶ.

ಮೊದಲು ಪದಗಳ ವಿಚಾರ. ಹಳೆಯ ಮೈಸೂರಿನವರಿಗೆ ಅದು ಸೌದೆ, ಉತ್ತರ ಕರ್ನಾಟಕದವರಿಗೆ ಕಟ್ಟಿಗೆ, ಬರವಣಿಗೆಯ ಭಾಷೆಯಲ್ಲಿ ಉರುವಲು. ಒಣಗಿದ ಸಣ್ಣ ಕಡ್ಡಿಗಳು ಪುಳ್ಳೆ, ಉರಿಯುತ್ತಿರುವ ತುಂಡು ಕೊಳ್ಳಿ, ತಲೆಯ ಮೇಲೆ ಹೊರುವ ಕಟ್ಟು ಹೊರೆ. ಈ ಹೊರೆಗೆ ನಮ್ಮ ಭಾಷೆಯಲ್ಲಿ ಇನ್ನೊಂದು ಹೆಸರಿತ್ತು. ಅದು ಮೋಳಿಗೆ. ಇಂದು ಆ ಪದ ಬಳಕೆಯಲ್ಲಿ ಉಳಿದಿಲ್ಲ, ಆದರೆ ಒಬ್ಬ ಶರಣನ ಹೆಸರಿನೊಂದಿಗೆ ಸೇರಿ ಚಿರಸ್ಥಾಯಿಯಾಗಿದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೋಳಿಗೆಯ ಮಾರಯ್ಯನೆಂಬ ಶರಣನಿದ್ದನು. ಪರಂಪರೆಯ ಪ್ರಕಾರ ಅವನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ತ್ಯಜಿಸಿ, ಮಡದಿ ಮಹಾದೇವಿಯೊಂದಿಗೆ ಕಲ್ಯಾಣಕ್ಕೆ ಬಂದವನು. ಕಾಡಿನಿಂದ ಸೌದೆಯ ಹೊರೆ ತಂದು ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸುವುದು ಅವನ ಕಾಯಕ. ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವನು ರಚಿಸಿದ ನೂರಾರು ವಚನಗಳು ನಮಗೆ ದೊರೆತಿವೆ. ಮಹಾದೇವಿಯೂ ವಚನಕಾರ್ತಿ. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಮೊಳಕೇರಿ ಇವರ ಹೆಸರಿನೊಡನೆ ಸೇರಿದ ಊರು.

ಈ ದಂಪತಿಗಳ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಸೌದೆ ಮಾರಿ ಬದುಕುವ ಮನೆಯ ಬಡತನವನ್ನು ಕಂಡು ಬಸವಣ್ಣನವರು ಜಂಗಮ ವೇಷದಲ್ಲಿ ಬಂದು, ಪ್ರಸಾದ ಸ್ವೀಕರಿಸಿ, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟು ಹೋದರಂತೆ. ಮಾರಯ್ಯನು ಕಾಡಿನಿಂದ ಮರಳಿ ಬಂದು ಅದನ್ನು ಕಂಡು, ಇದು ತನ್ನ ಕಾಯಕದ ಹಣವಲ್ಲವೆಂದು ಜಂಗಮರಿಗೆ ಹಂಚಿಬಿಟ್ಟನಂತೆ. ಶೂನ್ಯಸಂಪಾದನೆಯಲ್ಲಿಯೂ ಮಾರಯ್ಯನ ಪ್ರಸಂಗಕ್ಕೆ ಪ್ರತ್ಯೇಕ ಸ್ಥಾನವಿದೆ. ನಾವು ಈ ಕಥೆಯನ್ನು ತರಗತಿಯಲ್ಲಿ ನಿರಪೇಕ್ಷತೆಯ ಪಾಠವಾಗಿ ಹೇಳುತ್ತಿದ್ದೆವು. ಅದು ಸರಿಯೇ. ಆದರೆ ಇತಿಹಾಸದ ವಿದ್ಯಾರ್ಥಿ ಇದರಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಅರಸನೊಬ್ಬನು ಎಲ್ಲವನ್ನೂ ಬಿಟ್ಟನೆಂದು ತೋರಿಸಬೇಕಾದಾಗ ನಮ್ಮ ಪೂರ್ವಿಕರು ಅವನ ತಲೆಯ ಮೇಲೆ ಸೌದೆಯ ಹೊರೆಯನ್ನೇ ಇಟ್ಟರು. ಅಂದರೆ ಎಂಟುನೂರು ವರ್ಷಗಳ ಹಿಂದಿನ ಜನರ ಕಣ್ಣಿನಲ್ಲಿಯೂ ಇದು ಏಣಿಯ ಕೊನೆಯ ಮೆಟ್ಟಿಲೇ ಆಗಿತ್ತು. ಇದರಲ್ಲಿ ಲಾಭವಿತ್ತೆಂದು ಯಾರೂ ಭ್ರಮಿಸಿರಲಿಲ್ಲ.

ಈಗ ಹೊರೆಯ ಲೆಕ್ಕಕ್ಕೆ ಬರೋಣ. ನಾನು ಹಲವು ವರ್ಷ ಪಾಠ ಹೇಳಿದ ಊರು ಮಲೆನಾಡಿನ ಅಂಚಿನಲ್ಲಿತ್ತು. ಹಾಜರಿ ಪುಸ್ತಕದಲ್ಲಿ ಸಂತೆಯ ದಿನ ಮತ್ತು ಅದರ ಹಿಂದಿನ ದಿನ ಕೆಲವು ಹುಡುಗಿಯರ ಹೆಸರಿನ ಮುಂದೆ ತಪ್ಪದೆ ಗೈರುಹಾಜರಿಯ ಗುರುತು ಬೀಳುತ್ತಿತ್ತು. ವಿಚಾರಿಸಿದರೆ, ತಾಯಿಯ ಜೊತೆ ಸೌದೆಗೆ ಹೋಗಿದ್ದರು ಎಂಬ ಉತ್ತರ. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಇದನ್ನೇ ಲೆಕ್ಕವಾಗಿ ಕಪ್ಪುಹಲಗೆಯ ಮೇಲೆ ಬರೆಸಿದೆ. ನಸುಕಿನ ನಾಲ್ಕಕ್ಕೆ ಹೊರಟರೆ ಕಾಡು ತಲಪುವಾಗ ಬೆಳಗಾಗುತ್ತದೆ. ಆಯ್ದು, ಕಡಿದು, ಕಟ್ಟಿ, ಹೊತ್ತು ಮನೆ ಸೇರುವಾಗ ಮಧ್ಯಾಹ್ನ ಮೀರುತ್ತದೆ. ಮರುದಿನ ಪೇಟೆಗೆ ಹೊತ್ತೊಯ್ದು ಮಾರಿ ಬರಲು ಇನ್ನರ್ಧ ದಿನ. ಹೀಗೆ ಒಂದು ಹೊರೆಗೆ ಒಂದು ದಿನಕ್ಕಿಂತ ಹೆಚ್ಚಿನ ದುಡಿಮೆ. ಹೊರೆಯ ತೂಕ ಇಪ್ಪತ್ತು ಇಪ್ಪತ್ತೈದು ಕಿಲೋ. ಬಂದ ಹಣದಲ್ಲಿ ದಾರಿಯಲ್ಲಿ ತಡೆಯುವವರ ಮಾಮೂಲು ಕಳೆಯಬೇಕು. ಉಳಿದದ್ದು ಹೊಲದ ಒಂದು ದಿನದ ಕೂಲಿಗಿಂತಲೂ ಕಡಿಮೆ. ಹಾಗಾದರೆ ಕೂಲಿಗೆ ಹೋಗುವುದೇ ಲಾಭವಲ್ಲವೇ ಎಂದು ನಾನು ಕೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಕೂಲಿ ದಿನಾ ಸಿಗಲ್ಲ ಸಾರ್, ಕಾಡು ದಿನಾ ಇರುತ್ತೆ” ಎಂದಳು. ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ನಾನು ಓದಿದ್ದಕ್ಕಿಂತ ಹೆಚ್ಚಿನ ಅರ್ಥ ಆ ಮಾತಿನಲ್ಲಿತ್ತು. ಸೌದೆಯ ಹೊರೆ ಲಾಭಕ್ಕಾಗಿ ಆರಿಸಿಕೊಂಡ ವ್ಯಾಪಾರವಲ್ಲ. ಬೇರೆ ಕೆಲಸವಿಲ್ಲದ ದಿನ ಒಲೆ ಆರದಂತೆ ನೋಡಿಕೊಳ್ಳುವ ಉಪಾಯ.

ಹಾಗಾದರೆ ಡಿಪೋದವನಿಗೆ ಲಾಭ ಎಲ್ಲಿಂದ ಬಂತು? ಇದರ ಗುಟ್ಟು ಮರದ ಸ್ವಭಾವದಲ್ಲಿಯೇ ಇದೆ. ಆಗ ತಾನೆ ಕಡಿದ ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ಬೆಂಕಿಯ ಶಾಖವೆಲ್ಲ ಅದಕ್ಕೇ ವ್ಯಯವಾಗುತ್ತದೆ, ಹೊಗೆ ಮಾತ್ರ ಅಡುಗೆಯವಳ ಕಣ್ಣಿಗೆ. ಒಣಗಿದ ಸೌದೆಗೆ ಬೆಲೆ ಹೆಚ್ಚು, ಆದರೆ ಒಣಗಿಸಲು ಬೇಸಿಗೆಯ ಬಿಸಿಲು, ಜಾಗ, ಮೇಲೊಂದು ಸೂರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೆಲವು ತಿಂಗಳು ಕಾಯುವ ತಾಳ್ಮೆ ಬೇಕು. ಇಲ್ಲಿ ತಾಳ್ಮೆಯೆಂದರೆ ಸದ್ಗುಣವಲ್ಲ, ಬಂಡವಾಳ. ಡಿಪೋದವನು ಮಾಘ ಫಾಲ್ಗುಣದಲ್ಲಿ ಅಗ್ಗಕ್ಕೆ ಕೊಂಡು, ರಾಶಿ ಹಾಕಿ, ಆಷಾಢದ ಮಳೆ ಹಿಡಿದಾಗ ಮಾರುತ್ತಿದ್ದನು. ಹೊರೆ ಹೊತ್ತು ಬಂದವಳಿಗೆ ಅಂದೇ ಸಂಜೆ ಅಕ್ಕಿ ಬೇಕು. ಮರಳಿ ಹೊತ್ತೊಯ್ಯಲು ಆಗದ ಸರಕನ್ನು ಹೊತ್ತು ಸಂಜೆಯ ಪೇಟೆಯಲ್ಲಿ ನಿಂತವಳು ಚೌಕಾಸಿ ಮಾಡುವುದಾದರೂ ಹೇಗೆ? ಕೇಳಿದ ಬೆಲೆಗೆ ಕೊಡಲೇಬೇಕು.

ಇದರ ಜೊತೆಗೆ ಅಳತೆಯ ಚಮತ್ಕಾರವೊಂದಿತ್ತು. ಹೊರೆಯನ್ನು ಕೊಳ್ಳುವಾಗ ಕಣ್ಣಳತೆ, ಮಾರುವಾಗ ತಕ್ಕಡಿ. ಕಟ್ಟಿನ ಗಾತ್ರ ನೋಡಿ ಒಂದು ಬೆಲೆ ಹೇಳಿ ಕೊಂಡ ಸೌದೆಯನ್ನೇ ಡಿಪೋದಲ್ಲಿ ಮಣದ ಲೆಕ್ಕದಲ್ಲಿ, ಮುಂದೆ ಮೆಟ್ರಿಕ್ ಪದ್ಧತಿ ಬಂದ ಮೇಲೆ ಕಿಲೋ ಲೆಕ್ಕದಲ್ಲಿ ತೂಗುತ್ತಿದ್ದರು. ಮಳೆಗಾಲದಲ್ಲಿ ಹೊರಗಿಟ್ಟ ಸೌದೆ ನೀರು ಕುಡಿದು ತೂಗಿದರೆ ನೀರಿಗೂ ಸೌದೆಯ ಬೆಲೆಯೇ. ಹೀಗೆ ಸೌದೆಯ ವ್ಯಾಪಾರದಲ್ಲಿ ಲಾಭವೆಂಬುದು ಹೊತ್ತವರದ್ದಲ್ಲ, ಉರಿಸಿದವರದ್ದೂ ಅಲ್ಲ. ಅದು ಕಾಯಬಲ್ಲವನದು. ನನ್ನ ಮಟ್ಟಿಗೆ ಸೌದೆಯ ಇತಿಹಾಸದ ಸೂತ್ರವೇ ಇದು. ಮುಂದಿನ ನೂರೈವತ್ತು ವರ್ಷಗಳ ಘಟನೆಗಳನ್ನು ಈ ಸೂತ್ರದಿಂದ ಓದಿ ನೋಡೋಣ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸೌದೆಗೆ ಹೊಸ ಗಿರಾಕಿಗಳು ಬಂದರು. ಅವರು ಮನೆಯ ಒಲೆಗಳಂತಹ ಸಣ್ಣ ಗಿರಾಕಿಗಳಲ್ಲ. ದಕ್ಷಿಣ ಭಾರತದಲ್ಲಿ ರೈಲು ಹಳಿಗಳನ್ನು ಹಾಕತೊಡಗಿದಾಗ ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದ ಕಾರಣ ಉಗಿಯಂತ್ರಗಳಿಗೂ ಸೌದೆಯನ್ನೇ ಉಣಿಸಬೇಕಾಯಿತು. ಕೆಲಕಾಲ ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಅಲ್ಲಿಯ ಸಸ್ಯಗಳನ್ನು ಅಭ್ಯಾಸ ಮಾಡಿದ ಹ್ಯೂ ಕ್ಲೆಗ್‌ಹಾರ್ನ್ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದನು. 1861ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಕಾಡುಗಳ ಕುರಿತ ಅವನ ಗ್ರಂಥದಲ್ಲಿ ರೈಲ್ವೆಯ ಸೌದೆಯ ಚಿಂತೆ ಎದ್ದು ಕಾಣುತ್ತದೆ. ಮದ್ರಾಸ್ ಕರಾವಳಿಯ ಮರಳು ನೆಲದಲ್ಲಿ ಸರ್ವೆ ಮರದ ತೋಪುಗಳು ಎದ್ದುದು ಈ ಅಗತ್ಯದಿಂದಲೇ.

ನಮ್ಮ ಕರಾವಳಿಯಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದನ್ನು ನೋಡಿ ನೇತ್ರಾವತಿ ಮತ್ತು ಗುರುಪುರ ನದಿಗಳ ದಡದಲ್ಲಿ ಇನ್ನೂ ಅನೇಕ ಕಾರ್ಖಾನೆಗಳು ತಲೆಯೆತ್ತಿದವು. ಮಂಗಳೂರು ಹಂಚಿಗೆ ಜೇಡಿಮಣ್ಣು ಎಷ್ಟು ಮುಖ್ಯವೋ ಗೂಡಿನ ಸೌದೆಯೂ ಅಷ್ಟೇ ಮುಖ್ಯ. ಮುಂದೆ 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಮಲೆನಾಡಿನ ಮರದ ಇದ್ದಿಲೇ ಆಧಾರ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಬ್ಬಿಣ ಕರಗಿಸುವ ಸಾಹಸ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಸಹ ಇದ್ದಿಲಿನ ಅನಿಲದಿಂದ ಓಡಿದವು. ಹಿಂದೆ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ಘಟ್ಟ ಹತ್ತುತ್ತಿದ್ದ ಆ ಬಸ್ಸುಗಳ ಕಥೆಯನ್ನು ನಮ್ಮ ಹಿರಿಯರು ರಸವತ್ತಾಗಿ ಹೇಳುತ್ತಿದ್ದರು.

ಇಷ್ಟು ದೊಡ್ಡ ಗಿರಾಕಿಗಳು ಬಂದ ಮೇಲೆ ಸೌದೆಗೆ ಬೆಲೆ ಬರಬೇಕಲ್ಲವೇ? ಬಂದಿತು. ಆದರೆ ಜೊತೆಗೆ ಕಾನೂನೂ ಬಂದಿತು. 1865, 1878ರ ಭಾರತೀಯ ಅರಣ್ಯ ಕಾಯಿದೆಗಳು, 1882ರ ಮದ್ರಾಸ್ ಅರಣ್ಯ ಕಾಯಿದೆ, 1900ರ ಮೈಸೂರು ಅರಣ್ಯ ರೆಗ್ಯುಲೇಷನ್, ಹೀಗೆ ಒಂದರ ನಂತರ ಒಂದು ಬಂದು ಕಾಡಿನ ಸುತ್ತ ಗೆರೆ ಎಳೆದವು. ಗುತ್ತಿಗೆದಾರನು ಹರಾಜಿನಲ್ಲಿ ಕೂಪು ಹಿಡಿದು ಗಾಡಿಗಟ್ಟಲೆ ಸಾಗಿಸಿದರೆ ಅದು ವ್ಯಾಪಾರ. ಹಳ್ಳಿಯವಳು ಅದೇ ಕಾಡಿನಿಂದ ಅನುಮತಿಯಿಲ್ಲದೆ ಒಂದು ಹೊರೆ ತಂದರೆ ಅಪರಾಧ. ಆ ಕಾಯಿದೆಗಳು ಬಾರದಿದ್ದರೆ ಕಾಡುಗಳು ಪೂರ್ತಿ ಬಯಲಾಗುತ್ತಿದ್ದವು ಎಂದು ವಾದಿಸುವವರಿದ್ದಾರೆ, ಅದರಲ್ಲಿ ತಥ್ಯವಿಲ್ಲದಿಲ್ಲ. ಆದರೆ ರೈಲು, ಕುಲುಮೆ, ಗೂಡುಗಳಿಗಾಗಿ ಬರಿದಾದ ಕಾಡಿನ ಅಪವಾದ ಕೊನೆಗೆ ಬಂದು ಕುಳಿತದ್ದು ಹೊರೆ ಹೊತ್ತವಳ ತಲೆಯ ಮೇಲೆ. ಉತ್ತರ ಕನ್ನಡದಲ್ಲಿ 1930ರ ಸ್ವಾತಂತ್ರ್ಯ ಚಳವಳಿ ಅರಣ್ಯ ಸತ್ಯಾಗ್ರಹದ ರೂಪ ತಾಳಿದ್ದಕ್ಕೆ ಜನರ ಈ ಸಂಕಟವೂ ಒಂದು ಕಾರಣ.

ಸ್ವಾತಂತ್ರ್ಯ ಬಂದ ಮೇಲೂ ಹೊರೆ ಇಳಿಯಲಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಅವರ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಮನೆಮನೆಗೆ ಹೋಗಿ ಅಳೆಯಿತು. ಎತ್ತು, ವಿದ್ಯುತ್ತು, ಸೀಮೆಎಣ್ಣೆಗಳೆಲ್ಲವನ್ನೂ ಸೇರಿಸಿದರೂ ಸೌದೆಯ ಪಾಲಿನ ಮುಂದೆ ಅವು ಅಲ್ಪ ಎಂಬುದು ಅಲ್ಲಿ ಕಂಡಿತು. ಅದನ್ನು ತರುವ ದುಡಿಮೆಯ ಬಹುಭಾಗ ಹೆಂಗಸರದು ಮತ್ತು ಮಕ್ಕಳದು. ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ ‘ಅಸ್ತ್ರ ಒಲೆ’ ಹುಟ್ಟಿದ್ದು ಈ ಅರಿವಿನಿಂದ. ನಮ್ಮ ಕಡೆಯ ಅನೇಕ ಮನೆಗಳಲ್ಲಿ 1980ರ ದಶಕದಲ್ಲಿ ಆ ಒಲೆಗಳನ್ನು ಕಟ್ಟಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಅದೇ ರೆಡ್ಡಿಯವರು ಬಿ. ಸುಧಾಕರ ರೆಡ್ಡಿಯವರೊಡನೆ ಸೇರಿ ಬೆಂಗಳೂರು ನಗರದ ಸೌದೆಯ ಬಗ್ಗೆ ಒಂದು ಅಧ್ಯಯನ ನಡೆಸಿ 1983ರಲ್ಲಿ ಪ್ರಕಟಿಸಿದರು. ಆಗಿನ ಬೆಂಗಳೂರು ವರ್ಷಕ್ಕೆ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಸೌದೆಯನ್ನು ಸುಡುತ್ತಿತ್ತು. ಅದರಲ್ಲಿ ಬಹುಪಾಲು ಬರುತ್ತಿದ್ದುದು ಲಾರಿಗಳಲ್ಲಿ, ತಲೆಹೊರೆಯಲ್ಲಲ್ಲ. ಉಳ್ಳವರ ಮನೆಯಲ್ಲಿ ಅನಿಲ, ಮಧ್ಯಮ ವರ್ಗದ ಮನೆಯಲ್ಲಿ ಸೀಮೆಎಣ್ಣೆ, ಬಡವರ ಮನೆಯಲ್ಲಿ ಸೌದೆ, ಹೀಗೆ ಇಂಧನವೇ ಆದಾಯದ ಗುರುತಾಗಿತ್ತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಭಾಗ ಮಾತ್ರ ಪಾತ್ರೆಗೆ ತಲಪುತ್ತದೆ. ಅನಿಲದ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ತಲಪುತ್ತದೆ. ಕಿಲೋ ಲೆಕ್ಕದಲ್ಲಿ ಅಗ್ಗವಾಗಿ ಕಂಡ ಸೌದೆ, ಬೆಂದ ಅನ್ನದ ಲೆಕ್ಕದಲ್ಲಿ ಅಗ್ಗವಲ್ಲ. ಸಿಲಿಂಡರಿನ ಠೇವಣಿ ಒಮ್ಮೆಲೇ ಕಟ್ಟಲಾಗದ ಬಡವನು ದಿನದಿನವೂ ಡಿಪೋದಿಂದ ಎರಡು ಕಿಲೋ, ಮೂರು ಕಿಲೋ ಸೌದೆ ಕೊಂಡು, ವರ್ಷದ ಕೊನೆಗೆ ಹೆಚ್ಚೇ ತೆತ್ತನು. ಮಾರುವವಳು ಕಾಯಲಾರದೆ ಕಳೆದುಕೊಂಡಳು. ಕೊಳ್ಳುವವನೂ ಕಾಯಲಾರದೆ ಕಳೆದುಕೊಂಡನು.

ಆ ದಶಕದಲ್ಲಿ ದೇಶದಾದ್ಯಂತ ತಲೆಹೊರೆಯಿಂದ ಜೀವಿಸುವವರು ಇಪ್ಪತ್ತರಿಂದ ಮೂವತ್ತು ಲಕ್ಷ ಎಂದು ಪರಿಸರ ತಜ್ಞರು ಅಂದಾಜು ಮಾಡಿದ್ದರು. ಕಲ್ಲಿದ್ದಲಿನ ಗಣಿಗಳಿಗಿಂತಲೂ ಹೆಚ್ಚು ಜನರಿಗೆ ಕೆಲಸ ಕೊಟ್ಟ ಈ ಉದ್ಯಮಕ್ಕೆ ಮಂತ್ರಿಯಿಲ್ಲ, ಕಾರ್ಮಿಕ ಸಂಘವಿಲ್ಲ, ಭವಿಷ್ಯನಿಧಿಯಿಲ್ಲ.

ಸೌದೆಯ ಕೊರತೆ ನೀಗಿಸಲೆಂದೇ ಸಾಮಾಜಿಕ ಅರಣ್ಯ ಯೋಜನೆ ಬಂದಿತು. ಕರ್ನಾಟಕದಲ್ಲಿ 1983ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಅದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕೋಲಾರದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ರಾಗಿ ಹೊಲಗಳೂ ನೀಲಗಿರಿ ತೋಪುಗಳಾದವು. ನೀಲಗಿರಿ ಕೊಯ್ಲಿಗೆ ಬರಲು ಆರೇಳು ವರ್ಷ ಬೇಕು. ಹತ್ತಾರು ಎಕರೆಯಿದ್ದು ಪೇಟೆಯಲ್ಲಿ ಬೇರೆ ಆದಾಯವಿದ್ದವರು ಕಾದರು. ಕಾದವರಿಗೆ ಲಾಭವೂ ಆಯಿತು. ಆದರೆ ಆ ಮರ ಬಡವರ ಒಲೆಗೆ ಹೋಗಲಿಲ್ಲ. ಹೆಚ್ಚಿನ ಬೆಲೆ ಕೊಡುವ ಕಾಗದ ಮತ್ತು ರೇಯಾನ್ ತಿರುಳಿನ ಕಾರ್ಖಾನೆಗಳಿಗೆ, ಕಟ್ಟಡದ ಸಾರುವೆಗೆ ಹೋಯಿತು. ಹೊಲದಲ್ಲಿ ರಾಗಿ ಇದ್ದಾಗ ಸಿಗುತ್ತಿದ್ದ ಕಳೆ ಕೀಳುವ, ಕೊಯ್ಯುವ ಕೂಲಿಯೂ ಇಲ್ಲವಾಯಿತು. ಅಂತರ್ಜಲದ ಆತಂಕದಿಂದ 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಸೌದೆಗಾಗಿ ನೆಟ್ಟ ಮರ ಸೌದೆಯಾಗದೆ ಹೋದ ಕಥೆ ಇದು.

ಕಡೆಗೆ ಹೊರೆಯನ್ನು ಬಹುಮಟ್ಟಿಗೆ ಇಳಿಸಿದ್ದು ಅನಿಲದ ಸಿಲಿಂಡರು. ಇಲ್ಲಿ ಒಂದು ಸಣ್ಣ ಲೆಕ್ಕ. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಒಂದು ಕಿಲೋ ಅನಿಲದಲ್ಲಿ ಸುಮಾರು 11,000 ಕಿಲೋಕ್ಯಾಲೊರಿ ಶಾಖ, ಒಂದು ಕಿಲೋ ಒಣಸೌದೆಯಲ್ಲಿ ಸುಮಾರು 4,000. ಅನಿಲದ ಒಲೆಯ ದಕ್ಷತೆ ನೂರಕ್ಕೆ 60, ಮೂರು ಕಲ್ಲಿನ ಒಲೆಯದು ನೂರಕ್ಕೆ 10 ಎಂದಿಟ್ಟುಕೊಂಡರೆ, ಒಂದು ಸಿಲಿಂಡರು ಮಾಡುವ ಅಡುಗೆಗೆ ಸುಮಾರು 230 ಕಿಲೋ ಸೌದೆ ಬೇಕು. ಅಂದರೆ ಹತ್ತು ಹೊರೆ. ಹತ್ತು ನಸುಕುಗಳ ನಡಿಗೆ. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುವ ಮನೆಗಳು ಕರ್ನಾಟಕದಲ್ಲಿ 2015-16ರಲ್ಲಿ ನೂರಕ್ಕೆ ಸುಮಾರು 55 ಇದ್ದುದು 2019-21ರ ವೇಳೆಗೆ ಸುಮಾರು 80ಕ್ಕೆ ಏರಿತು. ಎರಡನೆಯ ಸಿಲಿಂಡರು ಕೊಳ್ಳಲು ಕಷ್ಟಪಡುವ ಮನೆಗಳಲ್ಲಿ, ಸ್ನಾನದ ಹಂಡೆಯ ಕೆಳಗೆ ಸೌದೆ ಇನ್ನೂ ಉರಿಯುತ್ತದೆ ಎಂಬುದೂ ನಿಜ.

ವ್ಯಾಪಾರವಾಗಿ ಸೌದೆ ಸತ್ತಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ, ಇಟ್ಟಿಗೆ ಗೂಡುಗಳಿಗೆ, ಅಡಿಕೆ ಬೇಯಿಸುವ ಹಂಡೆಗಳಿಗೆ, ಮದುವೆಯ ಅಡುಗೆಗೆ, ಕೊನೆಗೆ ಚಿತೆಗೆ ಸೌದೆ ಬೇಕೇ ಬೇಕು. ಅಲ್ಲಿ ಲಾರಿ, ತೂಕದ ಸೇತುವೆ, ಮುಂಗಡ ಹಣ ಎಲ್ಲವೂ ಇವೆ. ತೋಟದಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕಡಿದು ಮಾರುವವನಿಗೆ ಲಾಭವಿದೆ, ಏಕೆಂದರೆ ಬೆಲೆ ಬರುವ ತನಕ ಮರ ನಿಂತಲ್ಲೇ ನಿಂತು ಬೆಳೆಯುತ್ತಿರುತ್ತದೆ.

ಒಂದು ಸಣ್ಣ ಬದಲಾವಣೆಯನ್ನು ಇಲ್ಲಿ ದಾಖಲಿಸಲೇಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಬಿದಿರು, ಜೇನುಗಳ ಜೊತೆಗೆ ಕುರುಚಲು ಕಟ್ಟಿಗೆಯನ್ನೂ ಬೇರು ಬುಡಗಳನ್ನೂ ಸೇರಿಸಿತು. 2008ರ ನಿಯಮಗಳು ಹಕ್ಕುದಾರರು ಅವುಗಳನ್ನು ತಲೆಹೊರೆ, ಸೈಕಲ್ಲು, ಕೈಗಾಡಿಗಳಲ್ಲಿ ಸಾಗಿಸಿ ಜೀವನೋಪಾಯಕ್ಕಾಗಿ ಮಾರಬಹುದೆಂದವು. ನೂರು ವರ್ಷಕ್ಕೂ ಹೆಚ್ಚು ಕಾಲ ಅಪರಾಧದ ವಸ್ತುವಾಗಿದ್ದ ತಲೆಹೊರೆ ನಿಯಮದ ಪುಸ್ತಕದಲ್ಲಿ ಹಕ್ಕಿನ ಪದವಾಗಿ ಬಂದುದು ಸಣ್ಣ ಮಾತಲ್ಲ. ಹೊರುವವರು ಕಡಿಮೆಯಾಗುತ್ತಿರುವ ಕಾಲಕ್ಕೆ ಆ ಹಕ್ಕು ಬಂದಿತು ಎಂಬುದು ಇತಿಹಾಸದ ಎಂದಿನ ತಡ.

ಇನ್ನು ಆರಂಭದ ಪ್ರಶ್ನೆಗೆ ಉತ್ತರ. ಸೌದೆ ಮಾರುವುದರಲ್ಲಿ ಲಾಭ ಎಂದೂ ಇತ್ತು, ಇಂದೂ ಇದೆ. ಆದರೆ ಅದು ಜಾಗ, ಸೂರು, ಸಮಯ ಇದ್ದವನ ಲಾಭ. ಹೊರೆ ಹೊತ್ತವರ ಲೆಕ್ಕದಲ್ಲಿ ಅವರ ನಡಿಗೆಗೆ, ಬೆನ್ನು ನೋವಿಗೆ, ತಪ್ಪಿದ ಪಾಠಕ್ಕೆ ಬೆಲೆ ಹಾಕಿದರೆ ಅದು ಯಾವ ಕಾಲದಲ್ಲಿಯೂ ನಷ್ಟದ ಬಾಬತ್ತೇ. ಆ ನಷ್ಟದ ಮೇಲೆಯೇ ಒಂದು ಕಾಲದ ನಮ್ಮ ಪಟ್ಟಣಗಳ ಅನ್ನ ಬೆಂದಿತು. ನಾವೆಲ್ಲರೂ ಆ ಅನ್ನವನ್ನು ಉಂಡು ಓದಿದವರು, ಓದಿಸಿದವರು. ನಮ್ಮ ಮೊಮ್ಮಕ್ಕಳಿಗೆ ಸೌದೆಯೆಂದರೆ ಏನೆಂದು ವಿವರಿಸುವಾಗ, ಅದು ಉರಿಯುವ ವಸ್ತು ಎಂದಷ್ಟೇ ಹೇಳಿ ನಿಲ್ಲಿಸದೆ, ಅದನ್ನು ಯಾರೋ ಹೊತ್ತು ತರುತ್ತಿದ್ದರು ಎಂಬುದನ್ನೂ ಹೇಳೋಣ.